ಪದಚರ್ಚೆ: ಎಲ್ಕ್ ಬಿಲ್ಲುಬೇಟೆಯ ಪದಗಳು – ಹೆದೆ, ಬೆದೆ, ಗುಟುರು, ಕಾಲು

ಪ್ರಶ್ನೆ

ಅಮೆರಿಕದ ಕೊಲೊರಾಡೊದ ಮಲೆಗಳಲ್ಲಿ ಒಬ್ಬರೇ ಹೋಗಿ ಬಿಲ್ಲುಬಾಣದಿಂದ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಬೇಟೆಯಾಡುವವರಿಗೆ ಬೇಕಾದ ಒಂದು ಕೈಪಿಡಿಯನ್ನು ಅಲ್ಲಿನ ಕನ್ನಡಿಗರಿಗಾಗಿ ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಕರಡಿನಲ್ಲಿ ಎಲ್ಕ್‌ಗೆ ‘ಕಡವೆ’, ಸೋಲೋ ಹಂಟ್‌ಗೆ ‘ಒಂಟಿ ಬೇಟೆ’, ಡ್ರಾ ಮಾಡುವುದಕ್ಕೆ ‘ಹೆದೆಯೇರಿಸು’, ಕ್ವಾರ್ಟರ್‌ಗೆ ‘ಕಾಲುಭಾಗ’ ಎಂದಿದೆ. ರಟ್, ಬ್ಯೂಗಲ್, ನಾಕ್, ಬ್ರಾಡ್‌ಹೆಡ್, ಬ್ರಾಡ್‌ಸೈಡ್, ಕ್ವಾರ್ಟರಿಂಗ್ ಅವೇ, ಥರ್ಮಲ್ ಇವುಗಳನ್ನು ಇನ್ನೂ ಹಾಗೆಯೇ ಬಿಡಲಾಗಿದೆ. ಯಾವುದಕ್ಕೆ ಕನ್ನಡ ಪದ ಹೊಂದುತ್ತದೆ, ಯಾವುದನ್ನು ಹಾಗೇ ಉಳಿಸಬೇಕು?

ಉತ್ತರ 1

ಮೊದಲು ‘ಹೆದೆಯೇರಿಸು’ ತೆಗೆದುಹಾಕಿ. ಇದು ಬರೀ ಭಾಷೆಯ ತಪ್ಪಲ್ಲ, ಓದಿದವರ ಕೈಗೆ ಪೆಟ್ಟಾಗುವಂಥ ತಪ್ಪು. ಹೆದೆಯೇರಿಸುವುದೆಂದರೆ ಬಿಲ್ಲನ್ನು ಬಾಗಿಸಿ ಹೆದೆಯನ್ನು ತುದಿಗೆ ಸಿಕ್ಕಿಸುವುದು. ಡ್ರಾ ಎಂದರೆ ಏರಿಸಿದ ಹೆದೆಯನ್ನು ಹಿಂದಕ್ಕೆಳೆಯುವುದು. ಅದಕ್ಕೆ ‘ಸೆಳೆ’ ಇದೆ. ತುದಿಗಳಲ್ಲಿ ಚಕ್ರವಿರುವ ಇಂದಿನ ಕಾಂಪೌಂಡ್ ಬಿಲ್ಲಿನ ಹೆದೆ ಯಾವಾಗಲೂ ಏರಿಯೇ ಇರುತ್ತದೆ, ಅದನ್ನು ಬಿಚ್ಚಿ ಕಟ್ಟಲು ಬಿಲ್ಲನ್ನು ಒತ್ತಿ ಹಿಡಿಯುವ ಪ್ರೆಸ್ ಬೇಕು. ರಸ್ತೆಯಿಂದ ಹತ್ತು ಮೈಲಿ ಒಳಗೆ ಕೂತವರಿಗೆ ‘ಹೆದೆಯೇರಿಸಿ ಗುರಿಯಿಡಿ’ ಎಂದರೆ ಅವರು ಏನು ಮಾಡಬೇಕು? ‘ಹೂಡಿ, ಸೆಳೆದು, ಗುರಿ ಹಿಡಿದು, ಬಿಡು’ ಎಂಬ ನಾಲ್ಕು ಕ್ರಿಯಾಪದಗಳು ಸಾಕು. ಹಳಗನ್ನಡದ ‘ಎಸು’ ಬಾಣ ಬಿಡುವುದಕ್ಕೆ ಬಳಸುತ್ತಿದ್ದ ಪದ, ಆದರೆ ಇವತ್ತಿನ ಓದುಗರಿಗೆ ಅದು ‘ಎಸೆ’ ಎಂದು ಕೇಳಿಸುತ್ತದೆ. ಕೈಪಿಡಿಗೆ ಬೇಡ.

ಇದೇ ಗುಂಪಿನಲ್ಲಿ ಇನ್ನೊಂದು ಬರುತ್ತದೆ: ಬಾಣವಿಲ್ಲದೆ ಹೆದೆ ಸೆಳೆದು ಬಿಡುವುದು, ಇಂಗ್ಲಿಷಿನ ಡ್ರೈ ಫೈರ್. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿನ ರೆಕ್ಕೆಗೇ (ಬಾಗುವ ತೋಳಿಗೇ) ತಿರುಗಿ ಬಡಿದು ರೆಕ್ಕೆ ಸೀಳುತ್ತದೆ, ತುದಿಯ ಚಕ್ರವಾದ ಕ್ಯಾಮ್ ಡೊಂಕಾಗುತ್ತದೆ, ಹೆದೆ ಹಾರಿ ಮುಖಕ್ಕೆ ಬೀಳಬಹುದು. ಇದಕ್ಕೆ ‘ಬರಿಹೆದೆ ಬಿಡಬೇಡಿ’ ಅನ್ನಬಹುದು. ‘ಒಣ ಹೊಡೆತ’ ಎಂದರೆ ಯಾರಿಗೂ ತಿಳಿಯದು.

ಸೆಳೆಯಲು ಬೇಕಾದ ಬಲಕ್ಕೆ ‘ಸೆಳೆಭಾರ’ ಅನ್ನಿ. ಕೊಲೊರಾಡೊದ ನಿಯಮದಂತೆ ಅದು ಕನಿಷ್ಠ 35 ಪೌಂಡ್ ಇರಬೇಕು. ಲೆಟ್-ಆಫ್ ಎಂಬುದಕ್ಕೆ ‘ಭಾರವಿಳಿತ’. 70 ಪೌಂಡಿನ ಬಿಲ್ಲಿಗೆ ಶೇ. 80ರ ಭಾರವಿಳಿತ ಇದ್ದರೆ ಪೂರ್ತಿ ಸೆಳೆದ ಮೇಲೆ ಬೆರಳ ಮೇಲೆ ಉಳಿಯುವುದು 14 ಪೌಂಡ್ ಮಾತ್ರ. ಈ ಲೆಕ್ಕವನ್ನು ಪದದ ಪಕ್ಕದಲ್ಲೇ ಕೊಟ್ಟುಬಿಡಿ, ಬೇರೆ ವಿವರಣೆಯೇ ಬೇಕಾಗುವುದಿಲ್ಲ.

ಬಾಣದ ಹಿಂತುದಿಯಲ್ಲಿ ಹೆದೆ ಕೂರುವ ನಾಕ್‌ಗೆ ‘ಕಚ್ಚು’. ಗೀರಿದ ಸಂದಿಗೂ ಕಚ್ಚು ಅನ್ನುತ್ತೇವೆ, ಹಿಡಿದುಕೊಳ್ಳುವುದಕ್ಕೂ ಕಚ್ಚು ಅನ್ನುತ್ತೇವೆ. ಬಾಣದ ತುದಿ ಎರಡನ್ನೂ ಮಾಡುತ್ತದೆ. ಬಾಣ ಹೂಡಿ ಬಿಲ್ಲನ್ನು ನೆಲಕ್ಕೆ ಮುಖಮಾಡಿ ಹಿಡಿದರೆ ಬಾಣ ಹೆದೆಗೆ ಜೋತು ನಿಲ್ಲಬೇಕು, ಹೆದೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಕಳಚಿ ಬೀಳಬೇಕು. ಅಷ್ಟೇ ಬಿಗಿ ಸರಿ. ಸಂಸ್ಕೃತದಿಂದ ಬಂದ ‘ಪುಂಖ’ವೂ ಇದೆ, ಅಂದರೆ ಬಾಣದ ಗರಿ ಕಟ್ಟಿದ ಹಿಂಬದಿ. ‘ಪುಂಖಾನುಪುಂಖವಾಗಿ’ ಎಂದು ದಿನವೂ ಬರೆಯುವವರು ಅದು ಬಾಣದ ಬಾಲಕ್ಕೆ ಬಾಣ ಹತ್ತಿ ಬರುವ ಚಿತ್ರವೆಂದು ನೆನೆಯುವುದು ಕಡಿಮೆ. ಗರಿಯ ಭಾಗ ಪುಂಖ, ಹೆದೆ ಕೂರುವ ಸಂದಿ ಕಚ್ಚು ಎಂದು ಬೇರ್ಪಡಿಸಿದರೆ ಎರಡಕ್ಕೂ ಕೆಲಸ ಸಿಗುತ್ತದೆ.

ಬೇಟೆಯ ಬಾಣದ ಹರಿತ ತುದಿಯಾದ ಬ್ರಾಡ್‌ಹೆಡ್‌ಗೆ ‘ಅಲಗು’, ಅಭ್ಯಾಸದ ಬಾಣದ ತುದಿಗೆ ‘ಮೊನೆ’. ಮೊನೆ ಚುಚ್ಚುತ್ತದೆ, ಅಲಗು ಕೊಯ್ಯುತ್ತದೆ. ಬಾಣ ಗುಂಡಿನ ಹಾಗೆ ಅಪ್ಪಳಿಸಿ ಕೊಲ್ಲುವುದಿಲ್ಲ. ರಕ್ತ ಹರಿದು ಪ್ರಾಣಿ ಸಾಯುತ್ತದೆ. ಅದಕ್ಕೇ ಅಲಗು ಮುಂಗೈ ರೋಮ ಬೋಳಿಸುವಷ್ಟು ಹರಿತವಿರಬೇಕು, ಒಮ್ಮೆ ಮಣ್ಣಿಗೋ ಗುರಿಹಲಗೆಗೋ ಹೊಡೆದದ್ದನ್ನು ಮಸೆಯದೆ ಬತ್ತಳಿಕೆಗೆ ಹಾಕಬಾರದು. ಕೊಲೊರಾಡೊದಲ್ಲಿ ಅಲಗಿನ ಅಗಲ ಕನಿಷ್ಠ 7/8 ಇಂಚು, ಉಕ್ಕಿನ ಬಾಯಿ ಕನಿಷ್ಠ ಎರಡು. ಕತ್ತಿಗೆ, ಕುಡುಗೋಲಿಗೆ ಹೇಳುವಂತೆ ಇಲ್ಲಿಯೂ ‘ಬಾಯಿ’ ಎಂದರೆ ಸಾಕು, ‘ಕತ್ತರಿಸುವ ಅಂಚು’ ಎಂದು ಎಳೆಯಬೇಕಿಲ್ಲ.

ತೂಕದ ‘ಗ್ರೇನ್’ ಹಾಗೇ ಇರಲಿ. ‘ಕಾಳು’ ಎಂದರೆ ಕಣ್ಣಿಗೆ ಚೆಂದ, ಆದರೆ ಅಂಗಡಿಯ ಪೆಟ್ಟಿಗೆಯ ಮೇಲೆ ಇರುವುದು ಗ್ರೇನ್. 1 ಪೌಂಡಿಗೆ 7000 ಗ್ರೇನ್. 450 ಗ್ರೇನಿನ ಬಾಣ ಎಂದರೆ ಸುಮಾರು 29 ಗ್ರಾಂ. ಯಾರ್ಡ್‌ಗೆ ಮಾತ್ರ ‘ಗಜ’ ಎನ್ನಲು ಹಿಂಜರಿಯಬೇಡಿ. ಬಟ್ಟೆ ಅಂಗಡಿಯ ಮೂರಡಿ ಗಜವೇ ಅದು.

ಉತ್ತರ 2

ಪ್ರಾಣಿಯ ಹೆಸರಿನ ಬಗ್ಗೆ. ‘ಕಡವೆ’ ಬೇಡ. ಕಡವೆ ನಮ್ಮ ಬಂಡೀಪುರ, ನಾಗರಹೊಳೆಯದು. ಎಲ್ಕ್ ಬೇರೆ ಪ್ರಾಣಿ, ಅದಕ್ಕೆ ವಾಪಿಟಿ ಎಂಬ ಹೆಸರೂ ಇದೆ. ಗೊಂದಲ ಹುಟ್ಟಿದ್ದು ಬ್ರಿಟಿಷ್ ಶಿಕಾರಿಗಳಿಂದ. ಅವರು ದಕ್ಷಿಣ ಭಾರತದ ಕಡವೆಯನ್ನೇ ಎಲ್ಕ್ ಎಂದು ಕರೆದರು, ಊಟಿಯ ಎಲ್ಕ್ ಹಿಲ್ ಇವತ್ತಿಗೂ ಆ ಹೆಸರಿನಲ್ಲೇ ಇದೆ. ಯುರೋಪಿನಲ್ಲಿ ಎಲ್ಕ್ ಎಂದರೆ ಮೂಸ್. ಹೀಗೆ ಒಂದು ಪದಕ್ಕೆ ಮೂರು ಪ್ರಾಣಿ ಜೋತುಬಿದ್ದಿರುವಾಗ ನಾಲ್ಕನೆಯ ಗೊಂದಲ ಬೇಡ: ‘ಎಲ್ಕ್’ ಎಂದೇ ಬರೆದು, ಮೊದಲ ಸಲ ಬಂದಾಗ ‘ಕಡವೆಯ ಬಳಗದ, ಅದಕ್ಕಿಂತ ದೊಡ್ಡ ಅಮೆರಿಕದ ಜಿಂಕೆ’ ಎಂದು ಹೇಳಿದರೆ ಆಯಿತು. ಗಂಡು, ಹೆಣ್ಣು, ಮರಿ ಎನ್ನಿ. ಇಂಗ್ಲಿಷಿನ ಬುಲ್, ಕೌ, ಕಾಫ್ ನೋಡಿ ‘ಹೋರಿ, ಹಸು, ಕರು’ ಎಂದು ಬರೆದರೆ ಓದುಗರು ಕೊಟ್ಟಿಗೆಗೆ ಹೋಗುತ್ತಾರೆ.

ಕೊಂಬಿಗೆ ‘ಕವಲುಗೊಂಬು’ ಒಳ್ಳೆಯದು, ಏಕೆಂದರೆ ಕನ್ನಡದ ಬರೀ ‘ಕೊಂಬು’ ಎರಡನ್ನೂ ನುಂಗುತ್ತದೆ. ಹಸುವಿನ ಕೊಂಬು ಮೂಳೆಯ ಮೇಲೆ ಉಗುರಿನಂಥ ಪದರ, ಬಾಳಿಡೀ ಇರುತ್ತದೆ. ಎಲ್ಕ್‌ನದು ಪೂರಾ ಮೂಳೆ, ವರ್ಷಕ್ಕೊಮ್ಮೆ ಉದುರುತ್ತದೆ. ‘ಸಿಕ್ಸ್ ಬೈ ಸಿಕ್ಸ್’ ಎಂದರೆ ‘ಬದಿಗೆ ಆರು ಕವಲು’.

‘ಒಂಟಿ ಬೇಟೆ’ಗೆ ಎರಡರ್ಥ: ಬೇಟೆಗಾರ ಒಂಟಿಯೇ, ಬೇಟೆಯಾದದ್ದು ಒಂಟಿಯೇ? ಒಂಟಿಸಲಗ ಎಂದು ಪ್ರಾಣಿಗೂ ಹೇಳುವ ಪದ ಅದು. ‘ಒಬ್ಬಂಟಿ ಬೇಟೆ’ ಎನ್ನಿ. ‘ಒಬ್ಬ’ ಮನುಷ್ಯರಿಗೆ ಮಾತ್ರ ಅಂಟುವುದರಿಂದ ಅನುಮಾನ ಉಳಿಯುವುದಿಲ್ಲ. ನಮ್ಮ ಬೇಟೆಯ ಮಾತು ಹೆಚ್ಚಾಗಿ ಗುಂಪಿನದು ಇಲ್ಲವೇ ಕಾದು ಕೂರುವುದರದು ಎಂಬುದನ್ನೂ ಗಮನಿಸಬೇಕು. ಸೋವು ಎಂದರೆ ಹಲವರು ಕೂಗೆಬ್ಬಿಸಿ ಪ್ರಾಣಿಯನ್ನು ಅಟ್ಟುವುದು, ಮಲೆನಾಡಿನ ಮರಸು ಎಂದರೆ ಅಡಗಿ ಕಾಯುವ ಜಾಗ. ಒಬ್ಬರೇ ಮೆಲ್ಲಗೆ ಪ್ರಾಣಿಯತ್ತ ಸರಿಯುವುದಕ್ಕೆ ಸಿದ್ಧ ಪದವಿಲ್ಲ. ‘ಹೊಂಚು’ ಕೂತು ಕಾಯುವುದು, ಅದನ್ನು ಹೀಗೆ ಸರಿಯುವ ಸ್ಟಾಕ್‌ಗೆ (stalk) ಹಾಕಬೇಡಿ. ‘ನುಸುಳಿ ಸಮೀಪಿಸು’ ಎಂದು ಬಿಡಿಸಿ ಬರೆಯುವುದೇ ಮೇಲು.

ಬ್ಯಾಕ್‌ಕಂಟ್ರಿಗೆ ‘ದಟ್ಟಡವಿ’ ಸಲ್ಲ. ಅಲ್ಲಿ ಮುಖ್ಯವಾದದ್ದು ಮರಗಳ ದಟ್ಟಣೆಯಲ್ಲ, ರಸ್ತೆಯಿಂದ ಇರುವ ದೂರ. ಕೊಲೊರಾಡೊದ ಫ್ಲಾಟ್ ಟಾಪ್ಸ್‌ನಂಥ ಎತ್ತರದ ಕಡೆ ಹತ್ತು ಸಾವಿರ ಅಡಿ ಮೇಲೆ ಬಯಲು ಹುಲ್ಲುಗಾವಲೇ ಎಷ್ಟೋ ಇದೆ. ‘ಒಳಗಾಡು’ ಹೊಂದುತ್ತದೆ. ವಿಲ್ಡರ್‌ನೆಸ್ ಮಾತ್ರ ಕಾಯ್ದಿಟ್ಟ ಪ್ರದೇಶಗಳಿಗೆ ಅಮೆರಿಕದ 1964ರ ಕಾಯಿದೆ ಕೊಟ್ಟ ಪದ, ಅದನ್ನು ಅನುವಾದಿಸದಿರುವುದು ಕ್ಷೇಮ. ಅಲ್ಲಿ ಮೋಟಾರು ವಾಹನವಷ್ಟೇ ಅಲ್ಲ, ಮಾಂಸ ಎಳೆಯುವ ಕೈಗಾಡಿಯ ಚಕ್ರವೂ ನಿಷಿದ್ಧ. ಓದುಗರು ಗಡಿ ಎಲ್ಲಿದೆ ಎಂದು ನಕಾಶೆಯಲ್ಲಿ ಹುಡುಕಬೇಕಾದ್ದು ಆ ಹೆಸರಿನಿಂದಲೇ.

ಈಗ ರಟ್, ಅಂದರೆ ಎಲ್ಕ್ ಕೂಡುವ ಕಾಲ. ‘ಬೆದೆ’ ರೈತರ ಮಾತು: ‘ಹಸು ಬೆದೆಗೆ ಬಂದಿದೆ.’ ಅದು ಹೆಣ್ಣಿಗೆ. ‘ಮದ’ ಗಂಡಿಗೆ, ಆದರೆ ಆನೆಯ ಮದಕ್ಕೆ ಇಂಥದೇ ತಿಂಗಳು ಎಂದಿಲ್ಲ. ಎಲ್ಕ್‌ನದು ಇಡೀ ಹಿಂಡಿಗೆ ಒಟ್ಟಿಗೆ ಬರುವ ಋತು, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲವರೆಗೆ ಜೋರು. ‘ಬೆದೆಗಾಲ’ ಎಂದು ಕಾಲಕ್ಕೆ ಹೇಳಿದರೆ ಗಂಡು ಹೆಣ್ಣು ಎರಡೂ ಒಳಗೆ ಬರುತ್ತವೆ.

ಗಂಡು ಎಲ್ಕ್‌ನ ಕೂಗಾದ ಬ್ಯೂಗಲ್ ಬಗ್ಗೆ ‘ಕಹಳೆ’ ಎಂಬ ಸಲಹೆ ಹಿಂದೆಯೂ ಕೇಳಿದ್ದಿದೆ. ಒಪ್ಪಲಾಗದು. ಇಂಗ್ಲಿಷಿನವರು ತಮ್ಮ ವಾದ್ಯದ ಹೆಸರಿಟ್ಟರೆಂದು ನಾವು ನಮ್ಮ ವಾದ್ಯ ಹುಡುಕಬೇಕಿಲ್ಲ. ಆನೆ ಘೀಳಿಡುತ್ತದೆ, ಕುದುರೆ ಕೆನೆಯುತ್ತದೆ, ನರಿ ಊಳಿಡುತ್ತದೆ, ಗೂಳಿ ಗುಟುರು ಹಾಕುತ್ತದೆ. ಒಂದೊಂದು ಕೂಗಿಗೂ ಒಂದೊಂದು ಕ್ರಿಯಾಪದ ಇರುವ ಭಾಷೆ ಇದು. ಎಲ್ಕ್ ಕೂಗು ತಗ್ಗಿನಲ್ಲಿ ಶುರುವಾಗಿ, ಏರುತ್ತಾ ತೆಳ್ಳಗಿನ ಸಿಳ್ಳಾಗಿ ಎಳೆದು, ಕೊನೆಗೆ ಎದೆಯಿಂದ ಕುಕ್ಕಿದಂಥ ನಾಲ್ಕೈದು ಗುರುಕುಗಳಲ್ಲಿ ನಿಲ್ಲುತ್ತದೆ. ಕೆಲಸದಿಂದ ನೋಡಿದರೆ ಅದು ಗುಟುರು: ಬೇರೆ ಗಂಡಿಗೆ ಸವಾಲು, ಹೆಣ್ಣಿಗೆ ಕರೆ. ದನಿಯಿಂದ ನೋಡಿದರೆ ಸಿಳ್ಳು. ‘ಸಿಳ್ಗುಟುರು’ ಎನ್ನಬಹುದೇ? ಹೆಣ್ಣಿನ ಸಣ್ಣ ಕರೆಗೆ ‘ಮಿಯುಗು’ ಎಂದೆಲ್ಲ ಕಟ್ಟುವ ಅಗತ್ಯವಿಲ್ಲ, ‘ಹೆಣ್ಣಿನ ಕರೆ’ ಸಾಕು. ಎಚ್ಚರಿಕೆಯ ಬಾರ್ಕ್‌ಗೆ ‘ಬೊಗಳು’ ಸರಿಯಾಗಿಯೇ ಇದೆ. ಎಲ್ಕ್ ಬೊಗಳಿತೆಂದರೆ ಅದಕ್ಕೆ ನಿಮ್ಮ ಸುಳಿವು ಸಿಕ್ಕಿರಬಹುದು.

ಉತ್ತರ 3

‘ಸಿಳ್ಗುಟುರು’ ಉಚ್ಚರಿಸಲು ತೊಡಕು. ಬರೀ ‘ಗುಟುರು’ ಸಾಕೆಂದು ನನ್ನ ಮತ. ಸಿಳ್ಳಿನ ವರ್ಣನೆ ಒಮ್ಮೆ ಕೊಟ್ಟರೆ ಓದುಗರ ಕಿವಿ ಹೊಂದಿಕೊಳ್ಳುತ್ತದೆ.

ಗಾಳಿ ಮತ್ತು ನಿಲುವಿನ ಪದಗಳಿಗೆ ಬರುತ್ತೇನೆ. ಥರ್ಮಲ್ ಎಂಬುದು ಬೆಟ್ಟದ ಇಳಿಜಾರಿನ ಗಾಳಿಯ ದಿನಚರಿ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಕೊರಕಲುಗುಂಟ ಕೆಳಗೆ ಹರಿಯುತ್ತದೆ. ಬಿಸಿಲು ಇಳಿಜಾರನ್ನು ಕಾಯಿಸಿದ ಮೇಲೆ ಮೇಲಕ್ಕೇರುತ್ತದೆ. ಸಂಜೆ ಮತ್ತೆ ಇಳಿಯುತ್ತದೆ. ‘ಇಳಿಗಾಳಿ’, ‘ಏರುಗಾಳಿ’ ಎಂದರೆ ಪದವೇ ಪಾಠ ಹೇಳುತ್ತದೆ: ಬೆಳಗ್ಗೆ ಇಳಿಗಾಳಿಯಿರುವಾಗ ಎಲ್ಕ್‌ಗಿಂತ ಕೆಳಗಿರಿ, ಏರುಗಾಳಿ ಶುರುವಾದ ಮೇಲೆ ಮೇಲಿರಿ. ಎರಡೂ ಬದಲಾಗುವ ಹೊತ್ತಿನಲ್ಲಿ ಗಾಳಿ ಸುಳಿಯುತ್ತದೆ, ಆಗ ಹತ್ತಿರ ಹೋಗಬೇಡಿ. ‘ಡೌನ್‌ವಿಂಡ್’ಗೆ ‘ಗಾಳಿಯ ಕೆಳಗೆ’ ಎಂದು ಬರೆದರೆ ಬೆಟ್ಟದ ಕೆಳಗೆ ಎಂದು ಓದಿಕೊಳ್ಳುತ್ತಾರೆ. ‘ಗಾಳಿ ನಿಮ್ಮ ಮುಖಕ್ಕೆ ಬೀಸುವಂತೆ’ ಎಂದೇ ಬರೆಯಿರಿ.

ಪ್ರಾಣಿ ಪೂರ್ತಿ ಪಕ್ಕ ತೋರಿ ನಿಲ್ಲುವ ಬ್ರಾಡ್‌ಸೈಡ್‌ಗೆ ‘ಮಗ್ಗುಲು’, ಓರೆಯಾಗಿ ಆಚೆ ತಿರುಗಿ ನಿಲ್ಲುವ ಕ್ವಾರ್ಟರಿಂಗ್ ಅವೇಗೆ ‘ಹಿನ್ನೋರೆ’, ಓರೆಯಾಗಿ ನಿಮ್ಮತ್ತ ತಿರುಗಿ ನಿಲ್ಲುವ ಕ್ವಾರ್ಟರಿಂಗ್ ಟುಗೆ ‘ಮುನ್ನೋರೆ’. ‘ಎಲ್ಕ್ ಮಗ್ಗುಲಾಗಿ ನಿಂತಿದೆ’, ‘ಹಿನ್ನೋರೆಯಾಗಿ ನಿಂತಿದೆ’ ಎಂದರೆ ಬಾಯಿಗೂ ಹಗುರ. ಹಿನ್ನೋರೆಯಲ್ಲಿ ಆಚೆ ಬದಿಯ ಮುಂಗಾಲಿನ ನೇರಕ್ಕೆ ಗುರಿಯಿಡಬೇಕು, ಬಾಣ ಎರಡೂ ಶ್ವಾಸಕೋಶ ಹಾಯುತ್ತದೆ. ಮುನ್ನೋರೆಯಲ್ಲಿ ಭುಜದ ಮೂಳೆ ಅಡ್ಡ, ದಾಟಿದರೂ ಒಂದೇ ಶ್ವಾಸಕೋಶ ಸಿಕ್ಕುವ ಸಂಭವ ಹೆಚ್ಚು. ಬಿಡಬಾರದು.

ಇಳಿಜಾರಿನಲ್ಲಿ ಅಳೆಯುವ ದೂರಕ್ಕೂ ಎರಡು ಪದ ಬೇಕು: ಕಣ್ಣಿಂದ ಪ್ರಾಣಿಗೆ ‘ನೇರದೂರ’, ನೆಲಮಟ್ಟದಲ್ಲಿ ‘ಮಟ್ಟದೂರ’. 30 ಡಿಗ್ರಿ ಇಳಿಜಾರಿನಲ್ಲಿ ನೇರದೂರ 40 ಗಜವಿದ್ದರೆ ಮಟ್ಟದೂರ ಸುಮಾರು 35 ಗಜ. ಗುರಿಯಿಡಬೇಕಾದ್ದು 35ಕ್ಕೆ. 40ಕ್ಕೆ ಇಟ್ಟರೆ ಬಾಣ ಮೇಲೆ ಹೋಗುತ್ತದೆ, ಹತ್ತುವಾಗಲೂ ಇಳಿಯುವಾಗಲೂ.

ಬ್ಲಡ್ ಟ್ರೇಲ್‌ಗೆ ‘ನೆತ್ತರ ಜಾಡು’. ಇಲ್ಲಿ ಬಣ್ಣದ ಪದಗಳನ್ನು ಬಿಗಿಯಾಗಿ ಹಿಡಿಯಬೇಕು. ಬರೀ ‘ಕೆಂಪು’ ಎಂದು ಬರೆದರೆ ಕಾಯಬೇಕಾದ ಗಂಟೆಗಳೇ ತಪ್ಪುತ್ತವೆ. ಎಲೆಯ ಮೇಲೆ ನಸುಗೆಂಪಾಗಿ, ನೊರೆನೊರೆಯಾಗಿ ಗುಳ್ಳೆ ಇದ್ದರೆ ಶ್ವಾಸಕೋಶ: ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಿರಿ. ಗುಳ್ಳೆಯಿಲ್ಲದೆ ಕಡುಗೆಂಪಾಗಿದ್ದರೆ ಯಕೃತ್ತು: ನಾಲ್ಕರಿಂದ ಆರು ಗಂಟೆ. ಬಾಣಕ್ಕೆ ಹಸಿರು ಮಿಶ್ರಿತ ಕಂದು ರಾಡಿ ಅಂಟಿ ನಾತ ಬಂದರೆ ಜಠರ, ಕರುಳು: ಎಂಟರಿಂದ ಹನ್ನೆರಡು. ಬೇಗ ಹಿಂಬಾಲಿಸಿದರೆ ಮಲಗಿದ ಪ್ರಾಣಿ ಎದ್ದು ಮೈಲಿಗಟ್ಟಲೆ ಹೋಗುತ್ತದೆ, ಜಾಡೂ ಬತ್ತುತ್ತದೆ. ‘ನೊರೆ’, ‘ಕಡು’, ‘ರಾಡಿ’ ಈ ಮೂರನ್ನು ಬದಲಿಸದೆ ಉಳಿಸಿ.

ಇನ್ನು ‘ಕಾಲುಭಾಗ’. ಇದನ್ನು ‘ಕಾಲು’ ಎಂದಷ್ಟೇ ಬರೆದರೆ ಕನ್ನಡ ಇಂಗ್ಲಿಷಿಗಿಂತ ಚೊಕ್ಕವಾಗಿ ಹೇಳುತ್ತದೆ. ಕಾಲು ಎಂದರೆ ಕಾಲೂ ಹೌದು, ನಾಲ್ಕರಲ್ಲೊಂದೂ ಹೌದು. ‘ಮುಂಗಾಲು ಎರಡು, ಹಿಂಗಾಲು ಎರಡು, ಬೆನ್ನಪಟ್ಟಿ (ಬ್ಯಾಕ್‌ಸ್ಟ್ರಾಪ್), ಒಳಪಟ್ಟಿ (ಟೆಂಡರ್‌ಲಾಯಿನ್)’. ಕೊಲೊರಾಡೊದಲ್ಲಿ ಬಿಟ್ಟು ಬರಬಾರದೆಂದು ಕಾನೂನು ಹೇಳುವ ಭಾಗಗಳು ಇವೇ. ಹೊಟ್ಟೆ ಬಗೆಯದೆ ಮಾಡುವ ವಿಧಾನಕ್ಕೆ ‘ಕರುಳು ತೆಗೆಯದ ಕೊಯ್ತ’ ಅನ್ನಿ. ಒಂದು ಮಗ್ಗುಲು ಸುಲಿದು ಮುಂಗಾಲು ಕಳಚಬೇಕು. ಅಲ್ಲಿ ಮೂಳೆಯ ಕೀಲಿಲ್ಲ, ಸ್ನಾಯು ಕೊಯ್ದರೆ ಬರುತ್ತದೆ. ಹಿಂಗಾಲಿಗೆ ಗುಂಡು-ಬಟ್ಟಲಿನ ಕೀಲು ಹುಡುಕಿ ಬಿಡಿಸಬೇಕು. ಆಮೇಲೆ ಬೆನ್ನಪಟ್ಟಿ. ಆಗ ಹಗುರಾದ ಮೈಯನ್ನು ಒಬ್ಬರೇ ಮಗುಚಬಹುದು. ಒಬ್ಬಂಟಿಯಾದವರು ಎತ್ತಿದ ಕಾಲನ್ನು ಹಗ್ಗದಿಂದ ಮರಕ್ಕೆ ಕಟ್ಟಿಕೊಳ್ಳಬೇಕು, ಹಿಡಿಯಲು ಇನ್ನೊಂದು ಕೈ ಇಲ್ಲ. ಗಂಡೋ ಹೆಣ್ಣೋ ಎಂದು ತೋರಿಸುವ ಲಿಂಗದ ಗುರುತು ಮಾಂಸಕ್ಕೆ ಸಹಜವಾಗಿ ಅಂಟಿಕೊಂಡೇ ಇರಬೇಕೆಂಬ ನಿಯಮವನ್ನು ‘ಜೊತೆಗೆ ಇರಬೇಕು’ ಎಂದು ಸಡಿಲಿಸಬೇಡಿ. ಕತ್ತರಿಸಿ ಚೀಲದಲ್ಲಿ ಹಾಕಿದರೆ ಅದು ‘ಜೊತೆಗೆ’ ಇರುತ್ತದೆ, ಆದರೆ ನಿಯಮ ಮುರಿದಂತೆ.

ಪ್ರಶ್ನೆ ಕೇಳಿದವರಿಂದ

ತಿದ್ದಿದ ಒಂದು ಸಾಲು ಹೀಗಿದೆ: ‘ಇಳಿಗಾಳಿ ನಿಮ್ಮ ಮುಖಕ್ಕಿರಲಿ, ಗುಟುರು ನಿಂತು ಎಲ್ಕ್ ಹಿನ್ನೋರೆಯಾದಾಗ, ಅದರ ತಲೆ ಮರದ ಮರೆಗೆ ಹೋದ ಕ್ಷಣ ಸೆಳೆಯಿರಿ.’ ಒಂದು ಪದ ಉಳಿದಿದೆ, ಬೋನ್ ಸವರ್ (bone sour). ‘ಮೂಳೆ ಹುಳಿ’ ಎಂದಿದೆ ಕರಡಿನಲ್ಲಿ.

ಉತ್ತರ 2 ಬರೆದವರಿಂದ

ಸಾಲು ಚೆನ್ನಾಗಿದೆ. ‘ಮೂಳೆ ಹುಳಿ’ ಎಂದರೆ ಸಾರು ಎಂದುಕೊಂಡಾರು. ಮೊಸರು ಹುಳಿಯಾಗುತ್ತದೆ, ಹಾಲು ಒಡೆಯುತ್ತದೆ, ಅನ್ನ ಹಳಸುತ್ತದೆ, ಮಾಂಸ ಕೆಡುತ್ತದೆ. ಇಲ್ಲಿ ಆಗುವುದೇನೆಂದರೆ ದಪ್ಪ ಚರ್ಮ, ದಪ್ಪ ತೊಡೆ, ಒಳಗಿನ ಬಿಸಿ ಹೊರಬರದೆ ಮೂಳೆಯ ಸುತ್ತಲಿನ ಮಾಂಸ ಮೊದಲು ಕೆಡುತ್ತದೆ. ಮೇಲೆ ಮುಟ್ಟಿದರೆ ತಣ್ಣಗೇ ಇರುತ್ತದೆ. ‘ಮೂಳೆಗೆ ಹತ್ತಿ ಕೆಡುವುದು’ ಎಂದು ಬರೆಯಿರಿ. ಪಕ್ಕದಲ್ಲೇ ಪರಿಹಾರವನ್ನೂ ಹಾಕಿ: ಚರ್ಮ ಕೂಡಲೇ ಸುಲಿಯುವುದು, ಹಿಂಗಾಲನ್ನು ಮೂಳೆಯವರೆಗೆ ಸೀಳುವುದು ಇಲ್ಲವೇ ಮೂಳೆ ಬಿಡಿಸುವುದು, ಗಾಳಿಯಾಡುವ ಹತ್ತಿಯ ಚೀಲದಲ್ಲಿ ನೆರಳಿಗೆ ತೂಗುಹಾಕುವುದು. ‘ಚೀಲ’ ಎಂದಷ್ಟೇ ಬರೆಯಬೇಡಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿಬಿಟ್ಟಾರು.