ತಿಗರಿ ಮುಂದೆ ಕೂರುವ ಮೊದಲು ಧ್ಯಾನ ಬೇಕೇ?

ಪ್ರಶ್ನೆ: ಜೇಡಿಮಣ್ಣು, ತುಮಕೂರು

ಕ್ಯಾತ್ಸಂದ್ರದಲ್ಲಿ ನಮ್ಮ ಮನೆ. ದೀಕ್ಷೆಯಾದಾಗಿನಿಂದ ಬೆಳಿಗ್ಗೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ದೃಷ್ಟಿ ನೆಟ್ಟು ಕೂರುವುದು ಬಿಟ್ಟಿಲ್ಲ. ಈಗ ಹಿತ್ತಲ ಶೆಡ್ಡಿನಲ್ಲಿ ತಿಗರಿ ಹಾಕಿಕೊಂಡಿದ್ದೇನೆ. ಬಟ್ಟಲು, ಹೂಜಿ ಮಾಡುತ್ತೇನೆ. ಪೂಜೆ ಮುಗಿಸಿ ನೇರ ಬಂದು ಕೂತರೆ ಮಣ್ಣು ಬೇಗ ನಡುವಿಗೆ ನಿಲ್ಲುತ್ತದೆ. ಮನಸ್ಸು ಕೆಡಿಸಿಕೊಂಡು ಬಂದರೆ ಅಂಚು ಓಲಾಡುತ್ತದೆ. ಇದು ಬಟ್ಟಲು ಕೊಳ್ಳುವವರ ಕೈಗೂ ತಿಳಿಯುತ್ತದೆಯೇ?

ಜರ್ಮನಿಯ ಬೌಹೌಸ್ ಎಂಬ ಕಲಾಶಾಲೆಯಲ್ಲಿ ಯೋಹಾನೆಸ್ ಇಟ್ಟೆನ್ ಎಂಬ ಮೇಷ್ಟ್ರು ಮೊದಲು ಉಸಿರಾಟದ ಅಭ್ಯಾಸ ಮಾಡಿಸಿ, ಆಮೇಲೆ ಪೆನ್ಸಿಲ್ ಹಿಡಿಸುತ್ತಿದ್ದರು. ಉಸಿರಾಟ, ಆಹಾರದ ಶಿಸ್ತು ಹೇಳುವ ಮಜ್ದಾಜ್ನಾನ್ ಎಂಬ ಪಂಥದವರು. ಮುಖ್ಯಸ್ಥ ಗ್ರೋಪಿಯಸ್ ಜೊತೆ ಹೊಂದದೆ 1923ರಲ್ಲಿ ಹೊರಬಂದರು. ಎರಡನೇ ಮಹಾಯುದ್ಧ ಮುಗಿದ ಮೇಲೂ ಜ್ಯೂರಿಕ್‌ನಲ್ಲಿ ಜವಳಿ ಶಾಲೆ ನಡೆಸಿದರು. ಅವರ ಸಾಧನೆ ಬಟ್ಟೆಯೊಳಗೆ ಇಳಿಯಿತೇ, ಮನುಷ್ಯನಲ್ಲೇ ನಿಂತಿತೇ? ತಿಳಿದವರು ಹೇಳಿ.

ಹಾಸುಹೊಕ್ಕು, ಶಿಡ್ಲಘಟ್ಟ

ನೋಡಮ್ಮ, 1952ರಲ್ಲಿ ಇಂಗ್ಲೆಂಡಿನ ಡಾರ್ಟಿಂಗ್ಟನ್ ಹಾಲ್‌ನಲ್ಲಿ ನಾನಾ ದೇಶದ ಕುಂಬಾರರು, ನೇಕಾರರು ಒಟ್ಟಿಗೆ ಸೇರಿದ್ದರು. ಇಂಗ್ಲೆಂಡಿನ ಕುಂಬಾರ ಬರ್ನಾರ್ಡ್ ಲೀಚ್ ಇದ್ದರು. ಜಪಾನಿನಿಂದ ಕುಂಬಾರ ಶೋಜಿ ಹಮಾದಾ, ಜನಪದ ಕರಕುಶಲದ ಚಿಂತಕ ಸೊಯೆತ್ಸು ಯಾನಗಿ ಬಂದಿದ್ದರು. ಯಾನಗಿಯವರ ಸೌಂದರ್ಯದ ಮಾತೆಲ್ಲ ಬೌದ್ಧ ಸಾಧನೆಯ ಸುತ್ತ. ದಾರಿ ಎರಡು ಅನ್ನುತ್ತಿದ್ದರು: ಝೆನ್ ಸಾಧಕನ ಹಾಗೆ ಸ್ವಂತ ಬಲದಿಂದ ಏರುವುದು ಒಂದು, ಅಮಿದ ಬುದ್ಧನ ಹೆಸರು ಹೇಳುತ್ತ ಹೇಳುತ್ತ ತನ್ನನ್ನೇ ಒಪ್ಪಿಸಿಬಿಡುವುದು ಇನ್ನೊಂದು. ಹಳ್ಳಿ ಕುಂಬಾರನದು ಎರಡನೆಯ ದಾರಿ. ಕೊರಿಯಾದ ಕುಂಬಾರರು ದಿನದ ಬಳಕೆಗೆಂದು ಮಾಡಿದ ಸಾದಾ ಬಟ್ಟಲುಗಳನ್ನೇ ಜಪಾನಿನ ಚಹಾ ಗುರುಗಳು ತಲೆ ಮೇಲೆ ಹೊತ್ತುಕೊಂಡರು. ಮಾಡಿದವರ ಹೆಸರು ಯಾರಿಗೂ ಗೊತ್ತಿಲ್ಲ.

ಇದು ನಿಜ ಅಂತ ನನಗೆ ಅನ್ನಿಸುವುದು ನಮ್ಮೂರ ರೇಷ್ಮೆ ಬಿಚ್ಚಾಣಿಕೆ ನೋಡಿ. ಬಿಸಿನೀರಿನಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ; ಒಂದರ ಎಳೆ ತೀರಿದ ಕೂಡಲೇ ಇನ್ನೊಂದರ ಎಳೆ ಕೊಡಬೇಕು, ಇಲ್ಲದಿದ್ದರೆ ನೂಲು ಸಣ್ಣಗಾಗುತ್ತದೆ. ನಮ್ಮ ಅತ್ತಿಗೆ ಮಾತಾಡುತ್ತಲೇ ಇದನ್ನು ಮಾಡುತ್ತಾರೆ. ಅಲ್ಲಿ ‘ನಾನು’ ಅನ್ನುವುದಕ್ಕೆ ಜಾಗವೇ ಇಲ್ಲ. ಬಟ್ಟಲಲ್ಲಿ ಮೆರೆಯಬೇಕು ಅನ್ನುವ ಆಸೆಯನ್ನು ನಿನ್ನ ಪೂಜೆ ಕರಗಿಸಿದರೆ ಸಾಕು, ಕೊಂಡವರ ಕೈಗೆ ಅದು ತಿಳಿಯುತ್ತದೆ.

ಹರಳು, ಚಿಂತಾಮಣಿ

ಹಿರಿಯರ ಮೇಲೆ ಗೌರವವಿದೆ, ಮಾತು ಒಪ್ಪುವುದು ಕಷ್ಟ. 1951ರ ಬ್ರಿಟನ್ ಉತ್ಸವ ನೋಡಿ. ಹರಳುಗಳ ರಚನೆ ಅಧ್ಯಯನ ಮಾಡುತ್ತಿದ್ದ ಹೆಲೆನ್ ಮೆಗಾ ಎಂಬ ವಿಜ್ಞಾನಿಯ ಸಲಹೆಯಿಂದ ಹುಟ್ಟಿದ ಯೋಜನೆಯಲ್ಲಿ ಇನ್ಸುಲಿನ್, ಹೀಮೋಗ್ಲೋಬಿನ್ ಹರಳುಗಳ ನಕ್ಷೆಗಳು ಪರದೆ ಬಟ್ಟೆಗೂ ತಟ್ಟೆಗೂ ಬಂದವು. ರೆಗಟ್ಟಾ ರೆಸ್ಟೋರೆಂಟ್‌ನಲ್ಲಿ ಜನ ಅವುಗಳ ನಡುವೆ ಕೂತು ಊಟ ಮಾಡಿದರು. ವಿನ್ಯಾಸಗಾರ್ತಿ ಲೂಸಿಯೆನ್ ಡೇ ಅವರ ‘ಕ್ಯಾಲಿಕ್ಸ್’ ಪರದೆ ಬಟ್ಟೆಯೂ ಆ ಉತ್ಸವದ್ದೇ. 1938ರಲ್ಲಿ ವಿಯೆನ್ನಾ ಬಿಟ್ಟು ಲಂಡನ್ನಿಗೆ ಬಂದ ಕುಂಬಾರಗಿತ್ತಿ ಲೂಸಿ ರೀ ಹೊಟ್ಟೆಪಾಡಿಗೆ ಅಂಗಿಯ ಗುಂಡಿಗಳನ್ನು ಮಣ್ಣಿನಲ್ಲಿ ಮಾಡಿದರು. 1946ರಲ್ಲಿ ಹಾನ್ಸ್ ಕೋಪರ್ ಅವರ ಕೆಲಸಕ್ಕೆ ಜೊತೆಗೂಡಿದರು. ಲೂಸಿ ರೀ ಅವರ ತೆಳು ಬಟ್ಟಲಿಗೆ ಮರುಳಾಗಲು ಯಾವ ಪಂಥದ ಹಂಗೂ ಬೇಡ. ಅಂಚು ಓಲಾಡಿದರೆ ಮಣ್ಣನ್ನು ಇನ್ನಷ್ಟು ಹದವಾಗಿ ನಾದಿ, ಮೇಡಂ.

ಕೋಲಾರದವನು

ಅಕ್ಕ, ಕುಂಬಾರ ಗುಂಡಯ್ಯ ಮಡಕೆ ತಟ್ಟುವ ಸದ್ದಿಗೆ ಶಿವನೇ ಬಂದು ಕುಣಿದನಂತೆ. ಆತನಿಗೆ ತಟ್ಟುವುದೇ ಪೂಜೆ. ನೀವು ಪೂಜೆಗೂ ತಿಗರಿಗೂ ನಡುವೆ ಬಾಗಿಲು ಯಾಕೆ ಇಟ್ಟುಕೊಂಡಿದ್ದೀರಿ?

ಜೇಡಿಮಣ್ಣು, ತುಮಕೂರು

ಎಲ್ಲರಿಗೂ ಶರಣು. ಚಿಂತಾಮಣಿಯವರೇ, ಒಟ್ಟಿಗೇ ನಾದಿಟ್ಟ ಮಣ್ಣು ಇವತ್ತೊಂದು ಥರ, ನಾಳೆ ಒಂದು ಥರ ಆಡುತ್ತದೆ, ಅದಕ್ಕೇ ಕೇಳಿದ್ದು. ‘ಕ್ಯಾಲಿಕ್ಸ್’ ನನಗೂ ಇಷ್ಟ. ಆದರೆ ಪರದೆಯ ಚಿತ್ರವನ್ನು ಅಳಿಸಿ ಮತ್ತೆ ಬರೆಯಬಹುದು. ತಿಗರಿ ಮೇಲೆ ಉಸಿರು ತಪ್ಪಿದರೆ ಬಟ್ಟಲಿನ ಗೋಡೆಯೇ ತಪ್ಪುತ್ತದೆ. ಇಟ್ಟೆನ್ ಉಸಿರಿನಿಂದ ಶುರು ಮಾಡಿದ್ದು ನನಗೆ ಸರಿಯೆನ್ನಿಸುವುದು ಇದರಿಂದಲೇ. ಕೋಲಾರದ ತಮ್ಮ, ಬಾಗಿಲಿನ ಮಾತಿಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.

ಶಿಡ್ಲಘಟ್ಟದ ಅಣ್ಣ, ಬಟ್ಟಲಿನ ಅಡಿಯಲ್ಲಿ ನನ್ನ ಹೆಸರು ಕೊರೆಯುವುದು ರೂಢಿ. ಮುಂದಿನ ಆವಿಗೆಗೆ ಕೊರೆಯದೆ ಇಡುತ್ತೇನೆ. ಅತ್ತಿಗೆಯವರ ಕೆಲಸವನ್ನು ಕಣ್ಣಾರೆ ನೋಡುವ ಆಸೆ. ಭಾನುವಾರವೂ ಬಿಚ್ಚಾಣಿಕೆ ಇರುತ್ತದೆಯೇ?