ಮೇಲ್ವಿಚಾರಣೆಯೋ, ನಿಗಾವೋ, ಬರೀ ನೋಡುವುದೋ?

ಗೆಳೆಯರೇ,

ಒಂದು ಪದ ಬೇಕಾಗಿದೆ, ಬುಧವಾರದೊಳಗೆ.

ಬೆಂಗಳೂರಿನ ಒಂದು ಆಸ್ಪತ್ರೆಯ ಕಿರುಹೊತ್ತಗೆಯನ್ನು ತಿದ್ದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೃದಯದ ತೊಂದರೆಗೆ ಅಡ್ಮಿಟ್ ಆಗಿ ಮನೆಗೆ ಹೊರಟವರ ಕೈಗೆ ಒಂದು ಬಿಪಿ ಮೆಷಿನ್, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಒಂದು ತೂಕದ ಯಂತ್ರ ಕೊಟ್ಟು, ಮೊಬೈಲಿಗೆ ಆಪ್ ಹಾಕಿ ಕಳಿಸುತ್ತಾರೆ. ದಿನಾ ಬೆಳಿಗ್ಗೆ ಅಳೆದದ್ದು ಬ್ಲೂಟೂತ್ ಹಿಡಿದು ಫೋನಿಗೆ ಬರುತ್ತದೆ, ಅಲ್ಲಿಂದ ಆಸ್ಪತ್ರೆಯ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲೊಬ್ಬ ನರ್ಸ್ ಕೂತು ನೋಡುತ್ತಾರೆ. ಈ ಒಟ್ಟು ಏರ್ಪಾಡಿಗೆ ಹಳೆಯ ಹೊತ್ತಗೆ ಕೊಟ್ಟಿರುವ ಹೆಸರು ‘ದೂರಸ್ಥ ರೋಗಿ ಮೇಲ್ವಿಚಾರಣೆ’.

ನಮ್ಮ ಅತ್ತೆಯೇ ಇದರಲ್ಲಿ ಆರು ತಿಂಗಳಿಂದ ಇದ್ದಾರೆ, ಹಾಗಾಗಿ ಈ ಮೂರು ಪದಗಳ ಪ್ರತಾಪ ನನಗೆ ಮನೆಯಲ್ಲೇ ಗೊತ್ತಾಯಿತು. ಒಂದು ದಿನ ಬಿಪಿ ಜಾಸ್ತಿ ಬಂದಾಗ ಫೋನಿನಲ್ಲಿ ‘ನಿಮ್ಮ ಮೇಲ್ವಿಚಾರಕರಿಗೆ ಮಾಹಿತಿ ರವಾನಿಸಲಾಗಿದೆ’ ಅಂತ ಮೂಡಿತು. ಅತ್ತೆ ಕೆಂಡವಾದರು. “ನನ್ನ ಬಿಪಿ ವಿಷ್ಯ ಆ ಸೂಪರ್‌ವೈಸರ್‌ಗೆ ಯಾಕಮ್ಮಾ ಹೇಳ್ಬೇಕು? ನೀರಿನ ಮೋಟಾರು ಕೆಟ್ಟು ನಾಕು ದಿನ ಆಯ್ತು, ಅದನ್ನ ನೋಡೋಕೆ ಹೇಳಿ ಅವನಿಗೆ!” ಅವರ ಲೆಕ್ಕದಲ್ಲಿ ತಪ್ಪೇನಿಲ್ಲ. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಮೇಲ್ವಿಚಾರಕ ಎಂದರೆ ಕೆಳಗೆ ಲಿಫ್ಟ್ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುವ ಮನುಷ್ಯ. ಮೇಲ್ವಿಚಾರಣೆ ನಡೆಯುವುದು ಕೆಲಸದವರ ಮೇಲೆ, ಕಾಮಗಾರಿಯ ಮೇಲೆ, ಪರೀಕ್ಷೆ ಬರೆಯುವವರ ಮೇಲೆ. ಕಾಯಿಲೆ ಮಲಗಿದವರ ಮೇಲೆ ಯಾರೂ ಮಾಡುವುದಿಲ್ಲ.

‘ದೂರಸ್ಥ’ದ ಕಥೆ ಇನ್ನೊಂದು. “ನಾನೆಲ್ಲಿ ದೂರ ಇದೀನಿ, ಮನೇಲೇ ಇದೀನಲ್ಲ. ದೂರ ಇರೋರು ಅವ್ರು” ಅಂದರು ಅತ್ತೆ. ಯಾರಿಗೆ ದೂರ, ಯಾರಿಂದ ದೂರ ಎಂಬುದನ್ನು ಆಸ್ಪತ್ರೆಯ ಕಡೆ ನಿಂತೇ ತೀರ್ಮಾನಿಸಿಬಿಟ್ಟಿದ್ದಾರೆ. 2000ದ ದಶಕದ ಆರಂಭದಲ್ಲಿ ಇಸ್ರೋದ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದರಲ್ಲ, ಅಲ್ಲಿ ದೂರ ಎಂಬ ಮಾತಿಗೆ ಬೆಲೆ ಇತ್ತು. ನಡುವೆ 150 ಕಿಲೋಮೀಟರಿಗೂ ಹೆಚ್ಚು ದಾರಿ, ಎರಡು ಕಡೆಯೂ ಡಾಕ್ಟರು. ಹನುಮಂತನಗರದಿಂದ ನಮ್ಮ ಆಸ್ಪತ್ರೆಗೆ ಐದೇ ಕಿಲೋಮೀಟರು. (ಸಂಜೆ ಆಟೊದಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತದೆ, ಅದು ಬೇರೆ ಮಾತು.) ಮೇಲಾಗಿ ಕನ್ನಡದಲ್ಲಿ ದೂರ ಇಡುವುದು, ದೂರ ಮಾಡುವುದು ಅಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ‘ರಿಮೋಟ್’ ಎಂದೇ ಇಡೋಣವೆಂದರೆ ಅದು ಟೀವಿ ಮುಂದಿನ ಟೀಪಾಯಿ ಮೇಲೆ ಇದೆ.

ಹಾಗಾಗಿ ‘ದೂರ’ ತೆಗೆದು ‘ಮನೆ’ ಹಾಕಬೇಕೆಂಬುದು ನನ್ನ ಪಟ್ಟು. ಇದು ಬರೀ ಸದ್ದಿನ ಪ್ರಶ್ನೆಯಲ್ಲ. ಮನೆಯಲ್ಲಿ ಅಳೆದ ಅಂಕಿಗೆ ಅರ್ಥವೇ ಬೇರೆ. ಕ್ಲಿನಿಕ್ಕಿನಲ್ಲಿ 140/90 ದಾಟಿದರೆ ಬಿಪಿ ಹೆಚ್ಚು ಎನ್ನುತ್ತಾರೆ, ಮನೆಯಲ್ಲಿ ಅಳೆದದ್ದಾದರೆ 135/85ಕ್ಕೇ ಹಾಗೆನ್ನುತ್ತಾರೆ. ಡಾಕ್ಟರ ಮುಂದೆ ಕೂತ ಗಾಬರಿಗೇ ಅಷ್ಟು ಏರುತ್ತದೆ ಎಂಬ ಲೆಕ್ಕ. ಅಂದಮೇಲೆ ಮನೆ ಎಂಬುದು ಹೆಸರಿನಲ್ಲೇ ಇರಲಿ.

ಉಳಿದದ್ದು ಕೊನೆಯ ಪದ. ಪತ್ರಿಕೆಗಳ ಅಭ್ಯಾಸದಿಂದ ಮೊದಲು ನೆನಪಾಗುವುದು ‘ನಿಗಾ’. ಪಾರಸಿಯ ನಿಗಾಹ್, ನೋಟ ಎಂದರ್ಥ. ಬಂದು ಎಷ್ಟು ಕಾಲವಾಯಿತೋ, ಅಡುಗೆಮನೆಯವರೆಗೂ ಸಲೀಸಾಗಿ ಓಡಾಡುತ್ತದೆ: “ಹಾಲಿಟ್ಟಿದೀನಿ, ಸ್ವಲ್ಪ ನಿಗಾ ಇರ್ಲಿ.” ಹಾಲು ಉಕ್ಕುವ ಮೊದಲು ಒಲೆ ಆರಿಸಬೇಕು, ಇಲ್ಲಿ ನರ್ಸ್ ಮಾಡುವುದೂ ಅದನ್ನೇ. ಆದರೆ ಆಸ್ಪತ್ರೆಯ ಗೋಡೆಯ ಮೇಲೆ ಈ ಪದ ಕಾಣಿಸುವುದು ‘ತೀವ್ರ ನಿಗಾ ಘಟಕ’ದಲ್ಲಿ ಮಾತ್ರ. ಐಸಿಯು ಬಾಗಿಲಲ್ಲಿ ರಾತ್ರಿ ಕಳೆದವರಿಗೆ ನಿಗಾ ಎಂದರೆ ಆ ಬೋರ್ಡು, ಆ ಬೆಂಚು. ಅದು ಸಾಲದೆಂಬಂತೆ 2020 ಬೇರೆ. ಆ ಮಾರ್ಚ್ ಕೊನೆಯಲ್ಲಿ ಕ್ವಾರಂಟೈನಿನಲ್ಲಿದ್ದವರು ಗಂಟೆಗೊಂದು ಸೆಲ್ಫಿ ತೆಗೆದು ಸರ್ಕಾರದ ಆಪ್‌ಗೆ ಕಳಿಸಬೇಕೆಂದು ರಾಜ್ಯದಲ್ಲಿ ಆದೇಶವಾಗಿತ್ತು, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ವಿನಾಯಿತಿ. ಕೈಮೇಲೆ ಮುದ್ರೆ ಬೇರೆ. ಮೊಬೈಲು, ಮನೆ, ನಿಗಾ, ಈ ಮೂರೂ ಒಟ್ಟಿಗೆ ಬಂದರೆ ಕೆಲವರಿಗೆ ಈಗಲೂ ನೆನಪಾಗುವುದು ಅದೇ.

‘ಕಣ್ಗಾವಲು’ ಸಿಸಿಟಿವಿಯ ಪಾಲಾಗಿದೆ. ‘ಉಸ್ತುವಾರಿ’ ಜಿಲ್ಲಾ ಸಚಿವರ ಪಾಲು. ‘ತಪಾಸಣೆ’ ಒಂದು ಸಲ ಮಾಡಿ ಮುಗಿಸುವ ಕೆಲಸ, ದಿನಾ ನಡೆಯುವುದಲ್ಲ.

ಹಾಗಾದರೆ ನಮ್ಮದೇ ‘ನೋಡಿಕೊಳ್ಳುವುದು’? ಇಲ್ಲೇ ನಾನು ಸಿಕ್ಕಿಬಿದ್ದಿರುವುದು. ‘ನೋಡು’ವಿಗೂ ‘ನೋಡಿಕೊಳ್ಳು’ವಿಗೂ ನಡುವೆ ಇರುವುದು ಒಂದು ‘ಕೊಳ್ಳು’, ಆದರೆ ಇಡೀ ಜವಾಬ್ದಾರಿ ಅದರ ಹೆಗಲ ಮೇಲಿದೆ. ನೋಡಿದವರು ನೋಡಿ ಹೋಗಬಹುದು, ನೋಡಿಕೊಳ್ಳುವವರು ಹೋಗುವಂತಿಲ್ಲ. ಕಳೆದ ಜನವರಿಯಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ ಅತ್ತೆಗೆ ಮಲಗಿದರೆ ಉಸಿರು ಕಟ್ಟಿದಂತಾಯಿತು. ನಮ್ಮನ್ನು ಎಬ್ಬಿಸಲಿಲ್ಲ. ಎದ್ದು ಕೂತು ಬೆರಳಿಗೆ ಕ್ಲಿಪ್ಪು ಹಾಕಿದರು, 91 ಬಂತು, ಕಳಿಸಿದರು. ಫೋನಿನಲ್ಲಿ ಬಂದ ಉತ್ತರ: ‘ನಿಮ್ಮ ಆರೋಗ್ಯದ ಮೇಲೆ ನಿಗಾ ವಹಿಸಲಾಗುತ್ತಿದೆ.’ ಸರಿ, ನೋಡಿಕೊಳ್ಳುತ್ತಿದ್ದಾರೆ, ಈಗ ಫೋನ್ ಮಾಡುತ್ತಾರೆ ಎಂದು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲೇ ಕಾದರು. ನೀರು ಕುಡಿಯಲು ಎದ್ದ ನನ್ನ ಗಂಡ ನೋಡಿದ್ದು ಒಂದೂವರೆಗೆ. ಆಮೇಲೆ 108ಕ್ಕೆ ಫೋನು, ಆಂಬ್ಯುಲೆನ್ಸು, ಮೂರು ದಿನ ವಾರ್ಡು. ಆ ಕಂಪ್ಯೂಟರಿನ ಮುಂದೆ ನರ್ಸ್ ಕೂರುವುದು ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ ಎಂದು ನಮಗೆ ಗೊತ್ತಾದದ್ದು ಆ ಮೇಲೆ.

ತಪ್ಪು ‘ನಿಗಾ’ದ್ದಲ್ಲ, ‘ವಹಿಸಲಾಗುತ್ತಿದೆ’ಯದು. ಯಾರು ವಹಿಸುತ್ತಿದ್ದಾರೆ? ಈ ‘-ಲಾಗಿದೆ, -ಲಾಗುತ್ತಿದೆ’ ಸರ್ಕಾರಿ ಪತ್ರಗಳಿಗೆ ಒಗ್ಗಿದ ಪ್ರಯೋಗ. ಕರ್ತೃ ಮಾಯವಾದರೂ ವ್ಯಾಕರಣ ತಕರಾರು ಎತ್ತುವುದಿಲ್ಲ. ಆಡುಮಾತಿನಲ್ಲಿ ಯಾವ ಅತ್ತೆಯೂ “ಹಾಲು ಕಾಯಿಸಲಾಗಿದೆ” ಅನ್ನುವುದಿಲ್ಲ. ಕಾಯಿಸಿದವರು ಯಾರೆಂದು ಗೊತ್ತಿರುತ್ತದೆ.

ಇನ್ನೊಂದು ಮಾತು, ವಿಷಯಕ್ಕೆ ಕೊಂಚ ಹೊರಗೆ. ‘ಶುಶ್ರೂಷೆ’ಯ ಮೂಲ ಶ್ರು ಧಾತು, ಕೇಳುವ ಇಚ್ಛೆ ಎಂದು ಮೂಲಾರ್ಥ. ಗುರುವಿನ ಮಾತು ಕೇಳುವ ಆಸೆಯಿಂದ ಗುರುಸೇವೆಗೆ, ಸೇವೆಯಿಂದ ರೋಗಿಯ ಆರೈಕೆಗೆ ಹೊರಳಿದೆ. ಈಗ ನರ್ಸ್‌ಗಳು ಶುಶ್ರೂಷಾಧಿಕಾರಿಗಳು. ನಮ್ಮ ಆಪ್‌ನಲ್ಲಿ ಅಂಕಿ ಕಳಿಸುವುದಕ್ಕೆ ಜಾಗವಿದೆ, “ಮಲಗಿದರೆ ಉಸಿರು ಕಟ್ಟತ್ತೆ” ಎಂದು ಹೇಳುವುದಕ್ಕೆ ಇಲ್ಲ. ಕೇಳುವವರಿಲ್ಲದ ಮೇಲೆ ಶುಶ್ರೂಷೆ ಎಂದು ಕರೆಯಲು ನನಗೆ ಕೈ ಬರಲಿಲ್ಲ.

ಉಳಿದ ಪದಗಳಲ್ಲಿ ಕೆಲವನ್ನು ನಾನೇ ತೀರ್ಮಾನ ಮಾಡಿಬಿಟ್ಟೆ, ತಪ್ಪಿದ್ದರೆ ಬೈಯಿರಿ. ‘ನಿಮ್ಮ ವಾಚನವನ್ನು ಸಲ್ಲಿಸಿ’ ಎಂದಿತ್ತು. ಗಮಕ ಕೇಳಿ ಬೆಳೆದ ಅತ್ತೆ “ವ್ಯಾಖ್ಯಾನ ಯಾರು ಮಾಡ್ತಾರೆ?” ಅಂದರು. ‘ಅಳತೆ ಕಳಿಸಿ’ ಎಂದು ಮಾಡಿದ್ದೇನೆ. ಬಿಪಿಯ ಎರಡು ಅಂಕಿಗೆ ‘ಸಂಕೋಚನ ಒತ್ತಡ, ವ್ಯಾಕೋಚನ ಒತ್ತಡ’ ತೆಗೆದು ಎಲ್ಲರೂ ಅನ್ನುವಂತೆ ‘ಮೇಲಿನದು, ಕೆಳಗಿನದು’ ಹಾಕಿದೆ. ‘ಹೃದಯ ವೈಫಲ್ಯ’ವನ್ನಂತೂ ಪೂರ್ತಿ ಕಿತ್ತೆ. ನಮ್ಮಲ್ಲಿ ಹಾರ್ಟ್ ಫೇಲ್ ಆಯಿತು ಎಂದರೆ ಮನುಷ್ಯ ಹೋದ ಎಂದೇ ಅರ್ಥ, ಅದನ್ನು ಬದುಕಿರುವವರ ಕೈಗೆ ಅಚ್ಚು ಹಾಕಿ ಕೊಡುವುದೇ? ‘ಹೃದಯದ ಬಲ ಕುಗ್ಗಿದೆ’ ಎಂದು ಬರೆದೆ, ಡಾಕ್ಟರು ಒಪ್ಪಿದರು. ‘ತೂಕ ಹೆಚ್ಚಳ’ ಎಂದಿದ್ದಲ್ಲಿ ‘ಮೈಯಲ್ಲಿ ನೀರು ನಿಲ್ಲುವುದು’ ಎಂದು ಸೇರಿಸಿದೆ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಒಬ್ಬಟ್ಟು ತಿಂದದ್ದಲ್ಲ, ನೀರು. ಬರೀ ತೂಕ ಎಂದರೆ ಅತ್ತೆಯಂಥವರು ಮರುದಿನ ಊಟ ಬಿಡುತ್ತಾರೆ, ಮಾತ್ರೆಯ ವಿಷಯಕ್ಕೆ ಫೋನ್ ಮಾಡುವುದಿಲ್ಲ.

ತಲೆನೋವಾಗಿರುವುದು ಕೆಂಪು ಬಣ್ಣದಲ್ಲಿ ಬರುವ ಸಂದೇಶದ ತಲೆಬರಹ. ‘ಎಚ್ಚರಿಕೆ’ ಎಂದರೆ ಟ್ರಾನ್ಸ್‌ಫಾರ್ಮರ್ ಮೇಲಿನ ತಲೆಬುರುಡೆ. ‘ಹುಷಾರು’ ಎಂದು ಹಾಕೋಣವೆನಿಸಿತ್ತು. ಪಾರಸಿಯಲ್ಲಿ ಅದರ ಅರ್ಥವೇ ಎಚ್ಚರವಾಗಿರುವುದು, ನಮ್ಮ ಮೈಸೂರು ಬೆಂಗಳೂರು ಕಡೆ ಆರೋಗ್ಯಕ್ಕೂ ಅದೇ ಪದ. ಎರಡೂ ಒಂದೇ ಪದದಲ್ಲಿ ಎಂದು ಕುಣಿದೆ. ಆದರೆ ಬಿಪಿ 170 ಬಂದವರ ಫೋನಿನಲ್ಲಿ ‘ಹುಷಾರು’ ಎಂದು ಮೂಡಿದರೆ ಅವರು ಚೆನ್ನಾಗಿದ್ದೇನೆ ಎಂದುಕೊಂಡು ಮಲಗಿಬಿಟ್ಟರೆ?

ಈಗ ನನ್ನ ಕರಡು ಹೀಗಿದೆ. ಹೆಸರು: ‘ಮನೆಯಲ್ಲೇ ಅಳತೆ, ಆಸ್ಪತ್ರೆಯಿಂದ ನಿಗಾ’. ಅದರ ಕೆಳಗೆ, ಅದೇ ಗಾತ್ರದ ಅಕ್ಷರದಲ್ಲಿ: ‘ನೀವು ಕಳಿಸಿದ ಅಳತೆಯನ್ನು ನಮ್ಮ ನರ್ಸ್ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ನೋಡುತ್ತಾರೆ. ರಾತ್ರಿ ಯಾರೂ ನೋಡುವುದಿಲ್ಲ. ಉಸಿರಾಡಲು ಕಷ್ಟವಾದರೆ ಅಳತೆ ಕಳಿಸಿ ಕಾಯಬೇಡಿ, ಮನೆಯವರನ್ನು ಎಬ್ಬಿಸಿ, 108ಕ್ಕೆ ಫೋನ್ ಮಾಡಿ.’ ಎರಡನೆಯ ವಾಕ್ಯ ಆಸ್ಪತ್ರೆಯವರಿಗೆ ಹಿಡಿಸಿಲ್ಲ, ‘ಕಚೇರಿ ಅವಧಿಯಲ್ಲಿ ಪರಿಶೀಲಿಸಲಾಗುವುದು’ ಎಂದು ಬದಲಿಸಿ ಕಳಿಸಿದ್ದಾರೆ. ನಾನು ಮತ್ತೆ ಬದಲಿಸಿ ಕಳಿಸಿದ್ದೇನೆ.

ಧಾರವಾಡದ ಕಡೆಯವರು ‘ಲಕ್ಷ್ಯ’ ಎನ್ನುತ್ತೀರಲ್ಲ, ಅದು ಬೆಂಗಳೂರಿನ ಕಿವಿಗೆ ಒಗ್ಗೀತೇ? ‘ಜೋಪಾನ’ದಲ್ಲಿ ‘ನೋಡಿಕೊಳ್ಳು’ವಿನಷ್ಟೇ ಹೊರೆ ಇದೆಯೇ, ಕಡಿಮೆಯೇ? ಮನೆಯಲ್ಲಿ ಯಾರಾದರೂ ಇಂಥ ಯಂತ್ರ ಇಟ್ಟುಕೊಂಡಿದ್ದರೆ ಅದನ್ನು ಏನೆಂದು ಕರೆಯುತ್ತಾರೆ ಕೇಳಿ ಬರೆಯಿರಿ. ನಮ್ಮ ಅತ್ತೆಯದನ್ನು ಕೇಳಿದೆ. “ಬೆಳಗಿನ ಅಟೆಂಡೆನ್ಸು” ಅಂದರು.