ಪದಚರ್ಚೆ: ‘ಬ್ಯಾಕ್‌ಸ್ಕ್ಯಾಟರ್’ಗೆ ಕನ್ನಡ ಪದ ಬೇಕು (ನೀರು ತುಂಬಿದ ಗವಿಯ ವಿಡಿಯೊ, ಇಂದೇ ಬೇಕು)

ಬಲ್ಲವರಿಗೆ ನಮಸ್ಕಾರ.

ನೀರು ತುಂಬಿದ ಗುಹೆಗಳಲ್ಲಿ ಪುಟ್ಟ ಆ್ಯಕ್ಷನ್ ಕ್ಯಾಮೆರಾದಿಂದ ವಿಡಿಯೊ ತೆಗೆಯುವ ಮುಳುಗುಗಾರರಿಗೆ ಒಂದು ಎಚ್ಚರಿಕೆ ಚೀಟಿ ಸಿದ್ಧವಾಗುತ್ತಿದೆ. ಅಂಗೈಯಗಲದ್ದು, ಕ್ಯಾಮೆರಾ ಪೆಟ್ಟಿಗೆಯಲ್ಲಿ ಇಡುವಂಥದ್ದು. ಸಂಜೆ 6ಕ್ಕೆ ಅಚ್ಚಿಗೆ ಹೋಗಬೇಕು. ಬ್ಯಾಕ್‌ಸ್ಕ್ಯಾಟರ್ (ತೇಲುವ ಹುಡಿ ದೀಪದ ಬೆಳಕನ್ನು ಲೆನ್ಸಿಗೇ ಹಿಂದಿರುಗಿಸುವುದು), ಸಿಲ್ಟ್ ಔಟ್ (ನೆಲದ ಹೂಳೆದ್ದು ಏನೂ ಕಾಣದಂತಾಗುವುದು), ಪರ್ಕೊಲೇಷನ್ (ಚಾವಣಿಯ ಹೂಳು ಉದುರುವುದು) ಈ ಮೂರಕ್ಕೂ ಪದ ಬೇಕು. ಹಳೆಯ ಕರಡಿನಲ್ಲಿ ಮೊದಲನೆಯದಕ್ಕೆ ‘ಹಿಂಪ್ರಕೀರ್ಣನ’ ಎಂದೂ ಉಳಿದೆರಡಕ್ಕೂ ‘ಕಲ್ಮಷ’ ಎಂದೂ ಇದೆ. ತಲೆಬರಹ ‘ಅಂತರ್ಜಲ ಗುಹೆ ಚಿತ್ರೀಕರಣ’. ಯಾವುದೂ ಒಪ್ಪುತ್ತಿಲ್ಲ.

*

ಮರು:

‘ಹಿಂಪ್ರಕೀರ್ಣನ’ ಅರಿಸಮಾಸ. ಅದರ ಎರಡನೆಯ ಭಾಗ ಹಿಂದಿ ಪಠ್ಯಪುಸ್ತಕದ ಪದ. ಕನ್ನಡದಲ್ಲಿ ಬೆಳಕು ಚದುರುತ್ತದೆ. ‘ಹಿಂಚದುರಿಕೆ’ ಎಂದು ಹಾಕಿ, ಮುಗಿಯಿತು. ‘ಅಂತರ್ಜಲ’ವನ್ನೂ ತೆಗೆಯಿರಿ. ಆ ಪದ ಕಂಡ ಕೂಡಲೇ ಓದುಗರಿಗೆ ನೆನಪಾಗುವುದು ಕೊಳವೆಬಾವಿ.

*

ಮರು:

ಮುಗಿಯಲಿಲ್ಲ. ಚೀಟಿ ಓದುವವರಿಗೆ ತಿಳಿಯಬೇಕಾದದ್ದು ದೀಪ ಎಲ್ಲಿಡಬೇಕು ಎಂಬುದು. ‘ಹಿಂಚದುರಿಕೆ’ಯಿಂದ ಅದು ಹೊಳೆಯುವುದಿಲ್ಲ.

ಮುಚ್ಚಿದ ಕೋಣೆಗೆ ಕಿಂಡಿಯಿಂದ ಬಿಸಿಲುಕೋಲು ಇಳಿದಾಗ ಅದುವರೆಗೆ ಕಾಣದಿದ್ದ ದೂಳೆಲ್ಲ ಮಿನುಗುತ್ತದಲ್ಲ, ಇದೂ ಅದೇ. ಲೆನ್ಸಿಗೂ ಎದುರಿನ ಗೋಡೆಗೂ ನಡುವಿನ ನೀರಲ್ಲಿ ತೇಲುವ ಹುಡಿ ದೀಪದ ಬೆಳಕನ್ನು ಲೆನ್ಸಿಗೇ ಹಿಂದಿರುಗಿಸುತ್ತದೆ. ದೀಪ ಲೆನ್ಸಿಗೆ ಹತ್ತಿರವಾದಷ್ಟೂ ಕಾಟ ಹೆಚ್ಚು. ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ, ಅದಕ್ಕಂಟಿದಂತೆ ದೀಪ ಇಟ್ಟರೆ ವಿಡಿಯೊ ತುಂಬ ಬಿಳಿ ಚುಕ್ಕಿ. ದೀಪದ ಪ್ರಖರತೆ ಏರಿಸಿದರೆ ಚುಕ್ಕಿಯೂ ಅಷ್ಟೇ ಪ್ರಖರವಾಗುತ್ತದೆ. ಇರುವ ಉಪಾಯ ದೀಪಗಳನ್ನು ಕ್ಯಾಮೆರಾಕ್ಕೆ ಜೋಡಿಸುವ ತೋಳುಗಳ ಮೇಲೆ ಎರಡೂ ಬದಿಗೆ 40–50 ಸೆಂ.ಮೀ. ಸರಿಸಿ, ಮುಖ ಕೊಂಚ ಹೊರಕ್ಕೆ ತಿರುಗಿಸುವುದು. ಬೆಳಕಿನ ಅಂಚುಗಳು ಗೋಡೆಯ ಮೇಲೆ ಕೂಡಬೇಕು, ಲೆನ್ಸಿನ ಮುಂದಿನ ನೀರು ಕತ್ತಲಲ್ಲೇ ಉಳಿಯಬೇಕು. ನನ್ನ ಸಲಹೆ ‘ಹುಡಿಮಿನುಗು’.

ಸಿಲ್ಟ್ ಔಟ್ ಬೇರೆಯೇ ಸಂಗತಿ. ಈಜುರೆಕ್ಕೆಯ ಹೊಡೆತಕ್ಕೆ ನೆಲದ ಹೂಳೆದ್ದು ಕೈಗೆ ಕೈ ಕಾಣದಂತಾಗುವುದು. ದೀಪ ಎತ್ತ ಸರಿಸಿದರೂ ಆಗ ಪ್ರಯೋಜನವಿಲ್ಲ. ಪರ್ಕೊಲೇಷನ್‌ನಲ್ಲಿ ಹೂಳು ಬರುವುದು ಮೇಲಿನಿಂದ: ಉಸಿರುಗುಳ್ಳೆ ಚಾವಣಿಗೆ ಬಡಿದು ಅಲ್ಲಿ ಕೂತದ್ದು ಉದುರುತ್ತದೆ. ಹಾಗಾಗಿ ಚೊಕ್ಕ ದೃಶ್ಯ ಸಿಗುವುದು ಒಳಹೋಗುವಾಗ. ಮರಳುವಾಗ ಅದೇ ಓಣಿಯಲ್ಲಿ ಉದುರಿದ್ದು ಇನ್ನೂ ತೇಲುತ್ತಿರುತ್ತದೆ. ಬ್ಯಾಕ್‌ಸ್ಕ್ಯಾಟರ್ ಚಿತ್ರ ಕೆಡಿಸುತ್ತದೆ, ಉಳಿದೆರಡು ಜೀವ ತೆಗೆಯಬಲ್ಲವು. ಎರಡಕ್ಕೂ ಒಂದೇ ‘ಕಲ್ಮಷ’ ಅಂಟಿಸಿದ್ದು ಅಪಾಯ.

*

ಮರು:

ಪದಗಳ ಮೊದಲು ‘ಗುಹೆ’ ಸರಿಪಡಿಸಿ. ಅದು ಸಂಸ್ಕೃತ. ನಮ್ಮದು ‘ಗವಿ’. ಗವ್ವೆನ್ನುವ ಕತ್ತಲಿರುವುದರಿಂದಲೇ ಗವಿ. ‘ಹೂಳು’ ಕೂಡ ಹಾಗೆಯೇ, ಹಳಗನ್ನಡದ ‘ಪೂೞ್’, ಮುಚ್ಚಿಹಾಕು ಎಂದು. ಕೆರೆಯನ್ನು ಮುಚ್ಚಿಹಾಕುವುದು ಹೂಳು, ಕಣ್ಣನ್ನು ಮುಚ್ಚಿಹಾಕುವುದೂ ಹೂಳು. ಸಿಲ್ಟ್ ಔಟ್‌ಗೆ ‘ಕಣ್ಕಟ್ಟು’ ಎಂದರೆ ಚೆನ್ನ.

*

ಮರು:

ಕಣ್ಕಟ್ಟು ಎಂದರೆ ಇಂದ್ರಜಾಲ. ಆಗದು.

‘ಗವ್ವೆನ್ನು’ವುದರಿಂದ ‘ಗವಿ’ ಬಂತೆನ್ನಲು ಆಧಾರವಿಲ್ಲ, ದನಿ ಹೊಂದಿದ್ದೆಲ್ಲ ನೆಂಟಸ್ತನವಲ್ಲ. ಹೂಳಿನ ವಿಚಾರ ಸರಿ, ಆದರೆ ಹೂಳು ನೆಲದಲ್ಲಿ ಕೂತ ವಸ್ತುವಿನ ಹೆಸರು. ಅದು ಕದಡಿದ ನೀರಿನ ಸ್ಥಿತಿಗೆ ‘ಬಗ್ಗಡ’ ಎಂಬ ಮಾತು ಜನರ ಬಾಯಲ್ಲೇ ಇದೆ.

*

ಮರು:

ಬಗ್ಗಡ ಒಪ್ಪಿದೆ. ಪರ್ಕೊಲೇಷನ್‌ಗೆ ‘ಉದುರುಹೂಳು’.

ಇನ್ನೊಂದು, ಕರಡಿನಲ್ಲಿ ‘ಮಾರ್ಗದರ್ಶಕ ಹಗ್ಗ’ ಎಂದಿದ್ದರೆ ಬದಲಿಸಿ. ಅದು ಭಾರ ಹೊರುವ ಹಗ್ಗವಲ್ಲ, ಹೊರದಾರಿ ತಪ್ಪದಂತೆ ರೀಲಿನಿಂದ ಬಿಚ್ಚಿಕೊಳ್ಳುವ ತೆಳು ನೈಲಾನ್ ಹುರಿ. ‘ದಾರಿಹುರಿ’ ಎನ್ನಿ.

*

ಮರು:

‘ಲೆನ್ಸ್’, ‘ರೀಲ್’, ‘ಓ-ರಿಂಗ್’ (ಕ್ಯಾಮೆರಾ ಕವಚಕ್ಕೆ ನೀರು ನುಗ್ಗದಂತೆ ಮುಚ್ಚಳದಲ್ಲಿ ಕೂರಿಸುವ ರಬ್ಬರ್ ಬಳೆ) ಮಾತ್ರ ಹಾಗೇ ಉಳಿದವೇ? ಮಸೂರ, ಸುರುಳಿ, ಬಿಗಿಬಳೆ ಎಂದು ಬರೆಯಲು ಏನು ಅಡ್ಡಿ? ಹೀಗೆ ಬಿಡುತ್ತಾ ಹೋದರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

*

ಮರು:

ಅಡ್ಡಿ ಇದೆ. ಬಿಡಿಭಾಗ ಕೊಳ್ಳಲು ಹೋಗಿ ‘ಬಿಗಿಬಳೆ’ ಕೇಳಿದರೆ ಸಿಗುವುದಿಲ್ಲ. ವಸ್ತುವಿನೊಂದಿಗೇ ಬಂದ ಹೆಸರು ವಸ್ತುವಿನೊಂದಿಗೇ ಇರಲಿ. ಕೆಲಸಕ್ಕೆ, ತೊಂದರೆಗೆ, ಅನುಭವಕ್ಕೆ ನಮ್ಮ ಮಾತು ಬೇಕು. ಕವಚದೊಳಗಿನ ಬೆಚ್ಚನೆಯ ಗಾಳಿಯ ತೇವ ತಣ್ಣೀರಿಗೆ ತಂಪಾದ ಗಾಜಿನ ಮೇಲೆ ಹನಿಗಟ್ಟುವುದಕ್ಕೆ ‘ಗಾಜು ಬೆವರುವುದು’ ಎಂದರೆ ಸಾಕು, ‘ಘನೀಕರಣ’ ಬೇಡ. ಓ-ರಿಂಗಿಗೆ ಗ್ರೀಸನ್ನು ಹೊಳಪು ಬರುವಷ್ಟೇ ‘ಸವರಿ’ ಎನ್ನಬೇಕು. ‘ಲೇಪಿಸಿ’ ಎಂದರೆ ದಪ್ಪಗೆ ಮೆತ್ತುತ್ತಾರೆ, ಅದಕ್ಕೆ ಮರಳು ಅಂಟುತ್ತದೆ. ಒಂದು ಕೂದಲೆಳೆ ಸಿಕ್ಕಿಕೊಂಡರೂ ನೀರು ನುಗ್ಗುತ್ತದೆ. ಅದೂ ಮೊದಲ ಒಂದೆರಡು ಮೀಟರಿನಲ್ಲೇ ನುಗ್ಗುವುದುಂಟು, ಏಕೆಂದರೆ ಮುಚ್ಚಳವನ್ನು ಬಿಗಿಯಾಗಿ ಅದುಮುವಷ್ಟು ಒತ್ತಡ ಅಲ್ಲಿರುವುದಿಲ್ಲ.

*

ಮರು:

ಎಲ್ಲರಿಗೂ ವಂದನೆ. ಅಚ್ಚಿಗೆ ಹೋಗುವ ಸಾಲುಗಳು:

‘ನೀರುಗವಿಯಲ್ಲಿ ವಿಡಿಯೊ. ಕೆಂಪು ಫಿಲ್ಟರ್ ತೆಗೆಯಿರಿ. ಅದು ಬಿಸಿಲಿಳಿಯುವ ನೀರಿಗೆ, ಇಲ್ಲಿ ದೀಪದ ಬೆಳಕನ್ನೇ ನುಂಗುತ್ತದೆ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಆಟೊದಲ್ಲಿ ಬಿಡದೆ 5500 ಕೆಲ್ವಿನ್‌ಗೆ ನಿಲ್ಲಿಸಿ. ಸ್ಟೆಬಿಲೈಸೇಷನ್ (ಅಲುಗಾಟ ತಡೆ) ಆಫ್ ಮಾಡಿ, ಮಬ್ಬು ಬೆಳಕಲ್ಲಿ ಅದು ಚಿತ್ರವನ್ನು ಕಲಸುತ್ತದೆ. ಹುಡಿಮಿನುಗು ಕಂಡರೆ ದೀಪಗಳನ್ನು ಲೆನ್ಸಿನಿಂದ ದೂರ ಸರಿಸಿ. ಉದುರುಹೂಳು ಕಂಡರೆ ಚಿತ್ರೀಕರಣ ಬಿಟ್ಟು ಹಿಂತಿರುಗಿ. ನೀರು ಬಗ್ಗಡವಾದರೆ ಕ್ಯಾಮೆರಾ ಮರೆತು ದಾರಿಹುರಿ ಹಿಡಿಯಿರಿ.’

*

ಮರು:

ಕೊನೆಯ ಸಾಲನ್ನು ಮೊದಲಿಗೆ ತನ್ನಿ. ‘ಬಗ್ಗಡವಾದರೆ’ಯನ್ನು ‘ಬಗ್ಗಡವಾಗತೊಡಗಿದರೆ’ ಎಂದು ತಿದ್ದಿ. ಪೂರ್ತಿ ಆದ ಮೇಲೆ ಹುರಿ ಕಾಣುವುದಿಲ್ಲ.